ಅಂಟುವಾಳದ ನೊರೆ

"ನಿಲ್ಲುಂಗೋ! ಉಳ್ಳೆ ವರಾದೀಂಗೋ!"

ಒಳಗೆ ಬರಬೇಡಿ ಎಂದು ತಮಿಳಿನಲ್ಲಿ ಅಷ್ಟು ಜೋರಾಗಿ ಕೂಗಿದವಳು ಚಂದ್ರಮತಿ. ಕೂಗಿಸಿಕೊಂಡವನು ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ಬಾಗಿಲಲ್ಲೇ ಕಂಬದ ಹಾಗೆ ನಿಂತುಬಿಟ್ಟ. ಎರಡೂ ಕೈಯಲ್ಲಿ ಐಸು ತುಂಬಿದ ಮರದ ಪೆಟ್ಟಿಗೆ. ಹಣೆಯ ಬೆವರು ಕಣ್ಣಿಗೆ ಇಳಿಯುತ್ತಿದ್ದರೂ ಒರೆಸಿಕೊಳ್ಳಲು ಕೈ ಖಾಲಿಯಿಲ್ಲ. ಕಾಲಲ್ಲಿ ಸಗಣಿ ಮೆತ್ತಿದ ಚಪ್ಪಲಿ!

"ಥತ್... ಇದೇನು ಲ್ಯಾಬೋ, ಮಡಿ ಅಡುಗೆಮನೆಯೋ?" ಅವನು ಕನ್ನಡದಲ್ಲಿ ಗೊಣಗಿಕೊಂಡ. ಇವಳಿಗೆಲ್ಲಿ ಅರ್ಥವಾಗಬೇಕು ಎಂಬ ಧೈರ್ಯ.

"ಅಡುಗೆಮನೆಗಿಂತ ಒಂದು ಕೈ ಜಾಸ್ತಿನೇ ಮಡಿ! ಚಪ್ಪಲಿ ಹೊರಗೆ ಬಿಡಿ. ಕಾಲು ತೊಳ್ಕೊಳ್ಳಿ. ಆಮೇಲೆ ಬನ್ನಿ!"

ಅಚ್ಚ ಕನ್ನಡ! ಅವನ ಮುಖವನ್ನು ನೀವು ಆಗ ನೋಡಬೇಕಿತ್ತು. ಕಿವಿಯ ತುದಿಯವರೆಗೂ ಕೆಂಪೇರಿತು.

"ಐಸ್ ಕರಗ್ತಾ ಇದೆ ಕಣ್ರೀ..."

"ಮತ್ತೆ ಬೇಗ ತೊಳ್ಕೊಳ್ಳಿ!"

ಹೀಗೆ ಶುರುವಾಯಿತು ನೋಡಿ. ಒಬ್ಬರಿಗೊಬ್ಬರು ನಮಸ್ಕಾರ ಕೂಡ ಹೇಳಿರಲಿಲ್ಲ, ಆಗಲೇ ಜಗಳ!

ಚೀನಾ ಯುದ್ಧ ಮುಗಿದ ಮರುವರ್ಷದ ಮದರಾಸು ಅದು. ಅಡ್ಯಾರಿನ ದೊಡ್ಡ ಮರಗಳ ಮಧ್ಯೆ ಒಂದು ಹಳೆಯ ಬಂಗಲೆಯಲ್ಲಿ ಪ್ರಯೋಗಾಲಯ. ಕಾಲಿನ ಶಕ್ತಿ ಕಳೆದುಕೊಂಡು ಆಸ್ಪತ್ರೆ ಸೇರಿದ ಮಕ್ಕಳಿಗೆ ಬಂದಿರುವುದು ಪೋಲಿಯೋ ಹೌದೋ ಅಲ್ಲವೋ ಎಂದು ಅಲ್ಲಿ ಪತ್ತೆ ಮಾಡುತ್ತಿದ್ದರು. ಅದಕ್ಕೆ ಗಾಜಿನ ಬಾಟಲಿಯೊಳಗೆ ಜೀವಕೋಶಗಳನ್ನು ಬೆಳೆಸಬೇಕು. ಆ ಕೋಶಗಳಿಗೆ ಊಟ ಬೇಕು. ಊಟ ಎಂದರೆ ಸೀರಮ್... ಕರುವಿನ ರಕ್ತ ಹೆಪ್ಪುಗಟ್ಟಿದಾಗ ಮೇಲೆ ನಿಲ್ಲುವ ಜೇನುಬಣ್ಣದ ತಿಳಿ.

ಬಂದ ಸೀರಮ್ಮನ್ನು ಪರೀಕ್ಷೆ ಮಾಡಿ 'ಪಾಸ್' ಅಥವಾ 'ಫೇಲ್' ಎಂದು ಸಹಿ ಹಾಕುವವಳೇ ನಮ್ಮ ಚಂದ್ರಮತಿ.

ತಾಯಿಯಿಲ್ಲದ ಹುಡುಗಿ. ತಿರುವಲ್ಲಿಕ್ಕೇಣಿಯಲ್ಲಿ ಮೂರು ತಲೆಮಾರಿನಿಂದ ನೆಲೆಸಿದ ಮಾಧ್ವರ ಮನೆ. ಅಪ್ಪ ವಿಷ್ಣುತೀರ್ಥಾಚಾರ್ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸದಲ್ಲಿದ್ದರು. ಮನೆ ನಡೆಯುತ್ತಿದ್ದದ್ದು ಮಾತ್ರ ಅಜ್ಜಿ ಗೋದಾಬಾಯಿಯ ಮಾತಿನಂತೆ. ಮೊಮ್ಮಗಳು ರಕ್ತ ಮುಟ್ಟುವ ಕೆಲಸ ಮಾಡುತ್ತಾಳೆಂದು ಅಜ್ಜಿಗೆ ಗೊತ್ತಿತ್ತು. "ಮಕ್ಕಳ ಜೀವ ಉಳಿಸೋ ಕೆಲಸ, ಮಾಡ್ಲಿ ಪಾಪ. ಆದ್ರೆ ಹಿತ್ತಲಿಂದ ಬಾ, ಸ್ನಾನ ಮಾಡಿ ಒಳಗೆ ಬಾ," ಎಂದಿದ್ದರು. ಚಂದ್ರಮತಿಗೆ ಅದೇನೂ ಕಷ್ಟವೆನಿಸಿರಲಿಲ್ಲ. ಮನೆಯ ಮಡಿ ಕಲಿತವಳಿಗೆ ಲ್ಯಾಬಿನ ಮಡಿ ಎಷ್ಟರದು!

ಇನ್ನು ಬಾಗಿಲಲ್ಲಿ ನಿಂತಿದ್ದ ಆ ಸಗಣಿ ಚಪ್ಪಲಿಯ ಮಹಾಶಯ? ಅವನು ಪಶುವೈದ್ಯ ಹರಿಹರ. ಅರಸೀಕೆರೆ ಕಡೆಯಿಂದ ಬಂದ ರೈಲ್ವೆ ನೌಕರನ ಮಗ, ಪೆರಂಬೂರಿನ ಕ್ವಾರ್ಟರ್ಸಿನಲ್ಲಿ ಬೆಳೆದವನು.

ಅವನು ಬರುವವರೆಗೆ ಸೀರಮ್ ಕಸಾಯಿಖಾನೆಯಿಂದ ಬರುತ್ತಿತ್ತು. "ಕರು ಸಾಯಬೇಕಾಗಿಲ್ಲ ಸಾರ್. ಕುತ್ತಿಗೆಯ ನರದಿಂದ ಸ್ವಲ್ಪವೇ ರಕ್ತ ತೆಗೆದು ಮತ್ತೆ ತಾಯಿ ಹತ್ರ ಬಿಟ್ಬಿಡ್ತೀನಿ. ನನಗೊಂದು ಅವಕಾಶ ಕೊಡಿ," ಎಂದು ಪ್ರಯೋಗಾಲಯದ ಮುಖ್ಯಸ್ಥ ಡಾಕ್ಟರ್ ಶಂಕರನಾರಾಯಣರನ್ನು ಕಾಡಿ ಬೇಡಿ ಒಪ್ಪಿಸಿದವನು ಅವನೇ. ನೌಕರಿ ತಾತ್ಕಾಲಿಕ. ಸೀರಮ್ ಪಾಸಾದರೆ ಅವನು ಉಳಿಯುತ್ತಾನೆ, ಕರುಗಳೂ ಉಳಿಯುತ್ತವೆ. ಇಲ್ಲವಾದರೆ ಮತ್ತೆ ಕಸಾಯಿಖಾನೆ.

ಅಂದರೆ ಅವನ ಹಣೆಬರಹ ಚಂದ್ರಮತಿಯ ಪೆನ್ನಿನಲ್ಲಿತ್ತು!

* * *

ಮೊದಲನೇ ಸಲದ ಸೀರಮ್ ಜೇನಿನ ಹಾಗೆ ಇತ್ತು.

ಚಂದ್ರಮತಿ ಅದನ್ನು ಬಿಸಿನೀರಿನಲ್ಲಿಟ್ಟು ಹದ ಮಾಡಿದಳು. ಕ್ರಿಮಿ ಬೆಳೆಯುತ್ತದೆಯೇ ಎಂದು ಬೇರೆ ಟ್ಯೂಬಿನಲ್ಲಿ ಹಾಕಿ ಕಾದಳು. ಕೊನೆಗೆ ಜೀವಕೋಶಗಳಿಗೆ ಉಣಿಸಿ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟಳು.

'ಅಬ್ಬಾ! ಎಷ್ಟು ಚೆನ್ನಾಗಿ ಹರಡ್ಕೊಂಡಿವೆ...'

"ಡಾಕ್ಟ್ರೇ, ಬಂದು ನೋಡಿ. ರೊಂಬ ಚೆನ್ನಾಗಿದೆ."

ಅವನು ಚಪ್ಪಲಿ ಬಿಟ್ಟು, ಕಾಲು ತೊಳೆದು, ಕೈಯನ್ನೂ ಮೊಣಕೈವರೆಗೆ ತೊಳೆದು ಬಂದ. ಬಗ್ಗಿ ನೋಡಿದವನು ಎಷ್ಟು ಹೊತ್ತಾದರೂ ತಲೆ ಎತ್ತಲೇ ಇಲ್ಲ.

"ಪಾಸಾ?" ಮೆಲ್ಲಗೆ ಕೇಳಿದ.

"ಪಾಸ್."

ಅವನು ಜೇಬಿಗೆ ಕೈ ಹಾಕಿ ಕಾಗದದ ಪೊಟ್ಟಣ ತೆಗೆದ. ಅದರಲ್ಲಿ ಬೆಲ್ಲದ ಚೂರುಗಳು. "ರಕ್ತ ಕೊಟ್ಟ ಕರುಗಳಿಗೆ ಕೊಡೋದು. ಇವತ್ತು ನಿಮಗೂ ಒಂದು ತಗೊಳ್ಳಿ."

"ನಾನೇನು ಕರುವಾ?"

"ಅಷ್ಟು ಸಾಧು ಅಲ್ಲ ಬಿಡಿ ನೀವು!"

ಅವಳು ನಕ್ಕುಬಿಟ್ಟಳು. ಬೆಲ್ಲವನ್ನು ಬಾಯಿಗೂ ಹಾಕಿಕೊಂಡಳು. ಹೊರಗಿನವರು ಕೊಟ್ಟದ್ದನ್ನು ಕೈಯಲ್ಲೂ ಮುಟ್ಟದ ಮನೆಯ ಹುಡುಗಿ! ಆ ಸಂಜೆ ಬಸ್ಸಿನಲ್ಲಿ ಕೂತಾಗಲೂ ನಾಲಿಗೆಯಲ್ಲಿ ಅದೇ ಸಿಹಿ ಇತ್ತು. ಅಯ್ಯೋ ರಾಮ, ನನಗೇನಾಗಿದೆ ಎಂದು ತಾನೇ ನಾಚಿಕೊಂಡಳು.

ಮುಂದೆ ಆದದ್ದಕ್ಕೆಲ್ಲ ಆ ಸಿಹಿಯೇ ಕಾರಣ. ಹೇಗೆ ಅಂತೀರಾ? ಕೇಳಿ.

ಯುದ್ಧ ಬಂದಮೇಲೆ ಬಾಟಲಿ ತೊಳೆಯುವ ವಿದೇಶಿ ಪುಡಿ ಬರುವುದು ನಿಂತುಹೋಗಿತ್ತು. ಆಯಾ ಸರಸ ಬರೀ ಸೋಡಾ ಹಾಕಿ ಕುದಿಸಿ ತೊಳೆಯುತ್ತಿದ್ದಳು. ಹರಿಹರ ರಕ್ತ ತುಂಬಿ ತರುವ ಬಾಟಲಿಗಳ ಕತ್ತಿನಲ್ಲಿ ಒಂದು ಮಂಕು ಗೆರೆ ಹಾಗೇ ಉಳಿಯುತ್ತಿತ್ತು. ಬೇರೆಯವರ ಬಾಟಲಿಯಲ್ಲೂ ಇತ್ತು ಅನ್ನಿ. ಆದರೆ ಚಂದ್ರಮತಿಯ ಕಣ್ಣಿಗೆ ಚುಚ್ಚಿದ್ದು ಅವನದು ಮಾತ್ರ!

'ಪಾಪ, ಅಷ್ಟು ಕಷ್ಟಪಟ್ಟು ತರ್ತಾರೆ. ಈ ಕೊಳಕು ಬಾಟ್ಲಿಯಿಂದ ಏನಾದ್ರೂ ಕೆಟ್ಟರೆ?'

ಮನೆಯಲ್ಲಿ ಅಜ್ಜಿ ದೇವರ ಬೆಳ್ಳಿ ಪಾತ್ರೆಗಳನ್ನು ಅಂಟುವಾಳಕಾಯಿಯ ನೊರೆಯಲ್ಲಿ ತೊಳೆಯುತ್ತಿದ್ದರು. ಎಷ್ಟು ಹಳೆಯ ಎಣ್ಣೆ ಜಿಡ್ಡಾದರೂ ಮಾಯ. ಚಂದ್ರಮತಿ ಸೆರಗಿನಲ್ಲಿ ಒಂದು ಹಿಡಿ ಅಂಟುವಾಳ ಕಟ್ಟಿಕೊಂಡು ಬಂದಳು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು, ಹಿಂಬದಿಯ ನಲ್ಲಿಯ ಹತ್ತಿರ ಕೂತು, ಅವನ ಬಾಟಲಿಗಳನ್ನು ನೊರೆ ನೊರೆ ಮಾಡಿ ತೊಳೆದಳು. ಸ್ವಲ್ಪ ನೀರಿನಲ್ಲಿ ಗಲಬರಿಸಿ ಒಣಗಲು ಇಟ್ಟಳು. ಬಾಟಲಿ ಫಳಫಳ!

ಯಾರಿಗೂ ಹೇಳಲಿಲ್ಲ. ಹೇಳಿದರೆ ಯಾಕೆ ಎಂದು ಕೇಳುತ್ತಾರಲ್ಲ...

* * *

ಎರಡನೇ ಸಲದ ಸೀರಮ್ ಬಂತು. ಜೇನುಬಣ್ಣವಿಲ್ಲ! ತೆಳ್ಳಗೆ ಕುಂಕುಮ ಕಲಸಿದ ನೀರಿನ ಹಾಗೆ ಕೆಂಪು.

ಚಂದ್ರಮತಿ ಬೇಗ ಬೇಗ ಅದನ್ನು ಕೋಶಗಳಿಗೆ ಉಣಿಸಿದಳು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಜೀವಕೋಶಗಳು ಗಾಜು ಬಿಟ್ಟು, ಮುದುಡಿ ಗುಂಡಗಾಗಿ ತೇಲುತ್ತಿದ್ದವು. ಒಂದೂ ಬದುಕಿರಲಿಲ್ಲ.

ಪಕ್ಕದಲ್ಲೇ ಹಳೆಯ ಸೀರಮ್ ಕುಡಿದ ಕೋಶಗಳು ಚೆನ್ನಾಗಿದ್ದವು. ಅಂದರೆ ತಪ್ಪು ಈ ಸೀರಮ್ಮಿನದೇ. ಅವಳು ಇನ್ನೊಂದು ಸಲ ಪರೀಕ್ಷೆ ಮಾಡಿದಳು. ಮತ್ತೆ ಅದೇ!

"ಡಾಕ್ಟ್ರೇ... ಫೇಲ್."

"ಸಾಧ್ಯಾನೇ ಇಲ್ಲ!"

"ರಕ್ತದ ಕಣ ಒಡೆದಿದೆ. ಅವಸರದಲ್ಲಿ ಜೋರಾಗಿ ಎಳೆದ್ರೆ ಹಾಗಾಗತ್ತೆ. ಕೊಂಜ... ಸ್ವಲ್ಪ ನಿಧಾನವಾಗಿ..."

"ನಾನು ಅವಸರ ಮಾಡಲ್ಲ ಕಣ್ರೀ." ಅವನ ಧ್ವನಿ ಸಣ್ಣಗಾಯಿತು. "ಸರಿ. ಇನ್ನೂ ನಿಧಾನ ಮಾಡ್ತೀನಿ."

ಅವಳು ಮರುದಿನ ಅವನ ಬಾಟಲಿಗಳನ್ನು ಇನ್ನಷ್ಟು ಅಂಟುವಾಳ ಹಾಕಿ ತೊಳೆದಳು! ಏನು ಹೇಳೋಣ ಈ ಹುಡುಗಿಗೆ!

ಮೂರನೆಯದೂ ಕೆಂಪಗೇ ಬಂತು. ಮೂರನೆಯದರಲ್ಲೂ ಕೋಶಗಳು ಸತ್ತವು.

ಶಂಕರನಾರಾಯಣರು ಇಬ್ಬರನ್ನೂ ಕರೆಸಿದರು. ಅವರು ಕುಂದಾಪುರದ ಕಡೆಯವರು. ಸಿಟ್ಟು ಬಂದರೂ ಧ್ವನಿ ಏರುತ್ತಿರಲಿಲ್ಲ, ಅದೇ ಹೆಚ್ಚು ಭಯ.

"ಹರಿಹರ, ನಾನು ಎಂತ ಮಾಡುವುದು ಮಾರಾಯ್ರೆ? ಮಕ್ಕಳ ಸ್ಯಾಂಪಲ್ ಬಂದು ಕೂತಿದೆ. ಕೋಶವೇ ಇಲ್ಲದಿದ್ರೆ ರಿಪೋರ್ಟು ಕೊಡ್ಲಿಕ್ಕೆ ಆಗುದಿಲ್ಲ. ಇನ್ನೊಂದು ಸಲ ನೋಡುವ. ಅದೂ ಹೋದ್ರೆ ನಾನು ಕಸಾಯಿಖಾನೆಯವರಿಗೆ ಹೇಳಿಕಳಿಸ್ತೇನೆ. ನೀವು ಬೇರೆ ಕೆಲಸ ನೋಡಿಕೊಳ್ಳಿ."

ಹೊರಗೆ ಬಂದೊಡನೆ ಹರಿಹರ ಅವಳ ದಾರಿಗೆ ಅಡ್ಡ ನಿಂತ. ಕಣ್ಣುಗಳು ಕೆಂಪಗಿದ್ದವು.

"ನಿಜ ಹೇಳಿ. ಮೊದಲನೇದು ಪಾಸಾಯ್ತು. ಕೈ ಅದೇ, ಕರು ಅದೇ, ಸೂಜಿ ಅದೇ. ಆಮೇಲೆ ಏನಾಯ್ತು?"

"ನನಗೆ ಹೇಗೆ ಗೊತ್ತು? ನೀವು ಕಾಯಿಲೆ ಕರುವಿಂದ ತೆಗೆದ್ರೋ ಏನೋ..."

ಅಂದ ಮೇಲೆ ಅವಳಿಗೇ ಗೊತ್ತಾಯಿತು, ಆಡಬಾರದ ಮಾತು ಆಡಿದೆ ಎಂದು. ಅಷ್ಟರಲ್ಲಿ ತಡವಾಗಿತ್ತು.

"ಓಹೋ! ಹಾಗನ್ನಿ!" ಅವನು ಒಂದು ಹೆಜ್ಜೆ ಮುಂದೆ ಬಂದ. "ನಾನೂ ಒಂದು ಮಾತು ಹೇಳ್ಲಾ? ನಿಮ್ಮನೇಲಿ ರಕ್ತ ಅಂದ್ರೆ ಮೈಲಿಗೆ. ದಿನಾ ಹಿತ್ತಲಲ್ಲಿ ಸ್ನಾನ ಮಾಡಿ ಒಳಗೆ ಹೋಗ್ತೀರಂತೆ. ನನ್ನ ಕೆಲಸ ಕಂಡ್ರೆ ನಿಮಗೆ ಹೇಸಿಗೆ. ಅದಕ್ಕೇ ಫೇಲ್ ಮಾಡಿ ಓಡಿಸ್ತಾ ಇದೀರಿ!"

"ಡಾಕ್ಟ್ರೇ!"

"ಸಾಕು. ಪೆನ್ನು ನಿಮ್ಮ ಕೈಲಿದೆ. ಬರ್ಕೊಳ್ಳಿ."

ಅವನು ಹೋಗಿಬಿಟ್ಟ. ಅವಳು ಗೋಡೆಗೆ ಆತು ನಿಂತು ಅತ್ತಳು. ಹೇಸಿಗೆಯಂತೆ! ಅವನ ಬಾಟಲಿ ತೊಳೆದು ತೊಳೆದು ಬೆರಳ ತುದಿ ಸಿಪ್ಪೆ ಎದ್ದಿತ್ತು. ಅದನ್ನು ತೋರಿಸಿ ಬಾಯಿ ಬಿಟ್ಟು ಹೇಳುವ ಧೈರ್ಯ ಮಾತ್ರ ಇರಲಿಲ್ಲ.

* * *

ಕೊನೆಯ ಸಲ ರಕ್ತ ತೆಗೆಯುವ ದಿನ ಅವಳು ಹೇಳದೆ ಕೇಳದೆ ಮಾಧವರಂ ದಾರಿಯ ಕೊಟ್ಟಿಗೆಗೆ ಹೋದಳು. ಕಣ್ಣಾರೆ ನೋಡಬೇಕಿತ್ತು. ಅವನ ಕೈ ನಿಜವಾಗಿ ಒರಟೇ?

ಹರಿಹರ ಅವಳನ್ನು ಒಮ್ಮೆ ನೋಡಿ, ಅವಳೇ ತೊಳೆದಿಟ್ಟಿದ್ದ ಬಾಟಲಿಗಳನ್ನು ಜೋಡಿಸತೊಡಗಿದ.

ಒಂದು ಕಂದು ಕರು. ಕೊಟ್ಟಿಗೆಯ ಆಳು ಐತ ಅದರ ತಲೆ ಹಿಡಿದಿದ್ದ. ಹರಿಹರ ಅದರ ಗಂಗೆದೊಗಲನ್ನು ಸವರುತ್ತಾ, ಏನೇನೋ ಮಾತಾಡಿಸುತ್ತಾ, ಸೂಜಿ ಇಳಿಸಿದ್ದೇ ಗೊತ್ತಾಗಲಿಲ್ಲ. ರಕ್ತ ಬಾಟಲಿಯ ಗೋಡೆಗುಂಟ ಸದ್ದಿಲ್ಲದೆ ಇಳಿಯಿತು. ಸೂಜಿ ತೆಗೆದು, ಹತ್ತಿ ಒತ್ತಿ, ಬೆಲ್ಲ ಕೊಟ್ಟ. ಕರು ಅವನ ಅಂಗೈಯನ್ನೆಲ್ಲ ನೆಕ್ಕಿ, ತಾಯಿಯ ಬಳಿಗೆ ಓಡಿತು.

'ಇಷ್ಟು ಮೆತ್ತಗಿನ ಕೈಯನ್ನಾ ನಾನು ಒರಟು ಅಂದ್ಕೊಂಡದ್ದು?'

"ನೋಡಿದ್ರಲ್ಲ," ಎಂದ ಅವನು, ಬೆನ್ನು ತಿರುಗಿಸಿಕೊಂಡೇ. "ಇದಕ್ಕಿಂತ ನಿಧಾನ ನನಗೆ ಬರಲ್ಲ."

"ಡಾಕ್ಟ್ರೇ, ನಾನು ಅವತ್ತು ಅಂದದ್ದು..."

"ಸೀರಮ್ ಏನು ಹೇಳುತ್ತೋ ಅದನ್ನೇ ಬರೀರಿ. ನನ್ನ ಮೇಲೆ ಕನಿಕರ ಬೇಡ."

ಸೀರಮ್ ಏನು ಹೇಳಿತು? ಅದೇ ಕೆಂಪು. ಅದೇ ಸಾವು.

ಚಂದ್ರಮತಿ ಪೆನ್ನು ಹಿಡಿದು ಕೂತಳು. ಒಂದು ಸುಳ್ಳು ಸಾಕಿತ್ತು. 'ಪಾಸ್' ಎಂದು ಬರೆದರೆ ಹರಿಹರ ಉಳಿಯುತ್ತಾನೆ. ಆದರೆ ಆ ಸೀರಮ್ ಕುಡಿದ ಕೋಶಗಳೆಲ್ಲ ಸಾಯುತ್ತವೆ. ಆಸ್ಪತ್ರೆಯಲ್ಲಿ ಕಾಲು ಎತ್ತಲಾರದೆ ಮಲಗಿದ ಮಕ್ಕಳ ಪರೀಕ್ಷೆ ಹಾಳಾಗುತ್ತದೆ. ದೇವರೇ, ಯಾಕಪ್ಪಾ ನನ್ನ ಕೈಯಲ್ಲೇ ಇದನ್ನು ಬರೆಸ್ತೀಯಾ?

ಬರೆದಳು. 'ಫೇಲ್.'

ಸಹಿ ಹಾಕುವಾಗ ಕಣ್ಣು ಮಂಜಾಗಿ ತನ್ನ ಹೆಸರೇ ಕಾಣಿಸಲಿಲ್ಲ.

* * *

ಮರುದಿನ ಬೆಳಿಗ್ಗೆ ಹರಿಹರ ಕೊಟ್ಟಿಗೆಯ ಬೀಗದಕೈ ಒಪ್ಪಿಸಿ ಹೋಗುವವನಿದ್ದ. ಕಸಾಯಿಖಾನೆಯವರೂ ಮಾತಿಗೆ ಬರುವವರಿದ್ದರು.

ಮನೆಯಲ್ಲಿ ಅದೇ ದಿನ ಹಬ್ಬದ ತಯಾರಿ. ಚಂದ್ರಮತಿ ಹಿತ್ತಲಲ್ಲಿ ಕೂತು ದೇವರ ಬೆಳ್ಳಿ ತೊಳೆಯುತ್ತಿದ್ದಳು. ಕೈ ಇಲ್ಲಿ, ಮನಸ್ಸು ಅಡ್ಯಾರಿನಲ್ಲಿ.

"ಏ ಚಂದ್ರೀ, ಯಾಕೆ ಡೀ ಮುಖ ಹೀಗೆ ಊದಿದೆ?" ಅಜ್ಜಿ ಹಜಾರದಿಂದಲೇ ಕೇಳಿದರು.

"ಒಂದೂ ಇಲ್ಲ ಅಜ್ಜೀ."

ಎದ್ದು, ಕಣ್ಣು ಒರೆಸಿಕೊಳ್ಳುತ್ತಾ, ಅಂಟುವಾಳದ ನೊರೆನೀರಿನ ಬೋಗುಣಿಯನ್ನು ಮೋರಿಗೆ ಚೆಲ್ಲುವ ಬದಲು ಪಕ್ಕದ ಕಲ್ಲುತೊಟ್ಟಿಗೆ ಸುರಿದುಬಿಟ್ಟಳು. ಸೊಳ್ಳೆಮರಿ ತಿನ್ನಲೆಂದು ಆ ತೊಟ್ಟಿಯಲ್ಲಿ ಪುಟ್ಟ ಪುಟ್ಟ ಮೀನು ಬಿಟ್ಟಿದ್ದರು.

"ಅಯ್ಯೋ!" ಎಂದು ಕೂಗಿಕೊಂಡಳು. ಕೊಡ ತಂದು ಮೀನುಗಳನ್ನು ಹಿಡಿಯಲು ಹೊರಟಳು. ಅಷ್ಟರಲ್ಲೇ ಅವು ಅಡ್ಡಾದಿಡ್ಡಿ ಹೊರಳಾಡತೊಡಗಿದ್ದವು. ಬಾಯಿ ತೆರೆದು ಮೇಲೆ ಬಂದವು. ಒಂದು... ಇನ್ನೊಂದು... ಹೊಟ್ಟೆ ಮೇಲಾಗಿ ತೇಲಿದವು.

ಚಂದ್ರಮತಿ ಹಾಗೇ ನೋಡುತ್ತಾ ನಿಂತಳು. ತೇಲುತ್ತಿದ್ದ ಮೀನುಗಳು... ತೇಲುತ್ತಿದ್ದ ಕೋಶಗಳು...

ಮೊದಲನೇ ಬಾಟಲಿ ಸರಸ ತೊಳೆದದ್ದು. ಪಾಸ್.

ಆಮೇಲಿನವೆಲ್ಲ ನಾನು ತೊಳೆದದ್ದು!

"ನಾನು... ನಾನೇ ಕೊಂದೆ!"

ದೇವರ ಪಾತ್ರೆ ತೊಳೆಯುವ ನೊರೆ ವಿಷವಾದೀತು ಎಂದು ಆ ಮನೆಯಲ್ಲಿ ಹುಟ್ಟಿದ ಯಾವ ಹುಡುಗಿಗಾದರೂ ಹೊಳೆಯುತ್ತದೆಯೇ ಹೇಳಿ? ಅವಳ ಪಾಲಿಗೆ ಅದಕ್ಕಿಂತ ಶುದ್ಧವಾದದ್ದು ಲೋಕದಲ್ಲೇ ಇರಲಿಲ್ಲ. ಗಾಜಿನ ಗೋಡೆಗೆ ಅಂಟಿದ ಒಂದು ತೆಳುವಾದ ಪೊರೆ, ರಕ್ತ ಬಿದ್ದೊಡನೆ ಕಣಕಣವನ್ನೂ ಒಡೆದುಹಾಕುತ್ತಿತ್ತು. ಅವನ ಕೈಯಲ್ಲಿ ತಪ್ಪಿರಲಿಲ್ಲ. ಕರುವಿಗೆ ಕಾಯಿಲೆಯಿರಲಿಲ್ಲ.

ಒದ್ದೆ ಸೀರೆಯಲ್ಲೇ ಓಡಿದಳು.

"ಏ ಚಂದ್ರೀ! ತಲೆ ಕೂಡ ಬಾಚಿಲ್ಲ, ಎಲ್ಲಿಗೆ ಡೀ?"

"ಬಂದು ಹೇಳ್ತೀನಜ್ಜೀ!"

ಬಸ್ಸು ತೆವಳುತ್ತಿತ್ತು. ಅಡ್ಯಾರು ನದಿಯ ಸೇತುವೆ ದಾಟುವಾಗ ಅವಳ ಮನಸ್ಸಿನಲ್ಲಿ ಇನ್ನೊಂದು ಭಯ ಎದ್ದಿತು. ಒಪ್ಪಿಕೊಂಡರೆ ಕೆಲಸ ಹೋಗುತ್ತದೆ. ಅದು ಹೋಗಲಿ. ಅವನ ಬಾಟಲಿ ಮಾತ್ರ ಯಾಕೆ ತೊಳೆದೆ ಎಂದು ಕೇಳಿದರೆ?

ಎಲ್ಲರ ಮುಂದೆ ಏನು ಹೇಳಲಿ...

* * *

ಹರಿಹರ ಬೀಗದಕೈ ಗೊಂಚಲನ್ನು ಮೇಜಿನ ಮೇಲೆ ಇಡುತ್ತಿದ್ದ. ಶಂಕರನಾರಾಯಣರು ಎದುರು ಕೂತಿದ್ದರು.

"ಸಾರ್! ಬೇಡ ಸಾರ್! ತಪ್ಪು ಅವರದ್ದಲ್ಲ!"

ಚಂದ್ರಮತಿ ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಿದ್ದಳು. ಕೂದಲು ಕೆದರಿತ್ತು. ಜೀವಮಾನದಲ್ಲಿ ಮೊದಲ ಸಲ ಚಪ್ಪಲಿ ಹಾಕಿಕೊಂಡೇ ಒಳಗೆ ಬಂದಿದ್ದಳು!

"ನಾನು ಬಾಟ್ಲಿಗಳನ್ನ ಅಂಟುವಾಳದಲ್ಲಿ ತೊಳೆದೆ ಸಾರ್. ಆ ನೊರೆಯೇ ರಕ್ತದ ಕಣ ಒಡೆದಿದ್ದು. ಕೋಶ ಕೊಂದದ್ದೂ ಅದೇ."

ಹರಿಹರ ಗಕ್ಕನೆ ತಿರುಗಿದ.

"ಎಂತದು? ಅಂಟುವಾಳವಾ?" ಶಂಕರನಾರಾಯಣರು ಕನ್ನಡಕ ತೆಗೆದರು. "ಬಾಯಲ್ಲಿ ಹೇಳಿದ್ರೆ ಆಗುದಿಲ್ಲ. ತೋರಿಸಿ."

ಅವಳು ಕಪಾಟಿನಿಂದ ಎರಡು ಖಾಲಿ ಬಾಟಲಿ ತಂದಳು. ಒಂದು ಸರಸ ತೊಳೆದದ್ದು. ಇನ್ನೊಂದು, ಹರಿಹರನಿಗೆಂದು ತಾನೇ ತೊಳೆದಿಟ್ಟು ಬಳಸದೆ ಉಳಿದದ್ದು. ಎರಡಕ್ಕೂ ಅಷ್ಟಷ್ಟು ಹದವಾದ ಉಪ್ಪುನೀರು ಹಾಕಿ ಗೋಡೆಗೆಲ್ಲ ತಾಗುವಂತೆ ಆಡಿಸಿದಳು. ಆಮೇಲೆ ಸೂಜಿ ತೆಗೆದುಕೊಂಡಳು.

"ರಕ್ತ ಬೇಕಾ? ನನ್ನ ಬೆರಳಿಂದ ತಗೊಳ್ಳಿ," ಎಂದು ಹರಿಹರ ಕೈ ಚಾಚಿದ.

"ಬೇಡ. ತಪ್ಪು ನಂದು. ರಕ್ತಾನೂ ನಂದೇ ಇರ್ಲಿ."

ಚುಚ್ಚಿಕೊಂಡೇಬಿಟ್ಟಳು! ಹನಿಗಳು ಎರಡೂ ಬಾಟಲಿಗೆ ಬಿದ್ದವು. ಎರಡರಲ್ಲೂ ನೀರು ಕೆಂಪಾಗಿ ಕದಡಿತು. ಶಂಕರನಾರಾಯಣರು ಮೇಜಿನ ಮೇಲಿದ್ದ ದಿನಪತ್ರಿಕೆಯನ್ನು ಎತ್ತಿ ಬಾಟಲಿಗಳ ಹಿಂದೆ ಹಿಡಿದರು. ಯಾವುದರಲ್ಲೂ ಅಕ್ಷರ ಕಾಣಲಿಲ್ಲ.

ರಕ್ತದ ಕಣ ಒಡೆದರೆ ಮಾತ್ರ ನೀರು ತಿಳಿಯಾಗಿ ಅಕ್ಷರ ಕಾಣುತ್ತದೆ. ಮೂವರೂ ಬಾಟಲಿಗಳ ಮೇಲೆ ಕಣ್ಣಿಟ್ಟು ಕಾದರು.

'ಕಾಣಲಿ ದೇವರೇ... ನನ್ನ ತಪ್ಪು ಕಾಣಲಿ!' ಯಾರಾದರೂ ಹೀಗೆ ಬೇಡಿಕೊಂಡದ್ದನ್ನು ಕೇಳಿದ್ದೀರಾ?

ಸ್ವಲ್ಪ ಹೊತ್ತಿಗೆ ಅವಳು ತೊಳೆದ ಬಾಟಲಿಯ ನೀರು ತಿಳಿಯಾಗತೊಡಗಿತು. ಕೆಂಪು ಹಾಗೇ ಇತ್ತು, ಕದಡು ಹೋಗಿತ್ತು. ಹಿಂದಿನ ಪತ್ರಿಕೆಯ ದೊಡ್ಡ ಅಕ್ಷರಗಳು ಕಂಡವು, ಆಮೇಲೆ ಸಣ್ಣ ಅಕ್ಷರಗಳೂ ಕಂಡವು. ಸರಸ ತೊಳೆದ ಬಾಟಲಿಯಲ್ಲಿ ಕದಡು ಕದಡಾಗಿಯೇ ಉಳಿದಿತ್ತು.

ಶಂಕರನಾರಾಯಣರು ಪತ್ರಿಕೆ ಕೆಳಗಿಟ್ಟರು. ಬೀಗದಕೈ ಗೊಂಚಲನ್ನು ಹರಿಹರನ ಕಡೆಗೆ ತಳ್ಳಿದರು.

"ಇದನ್ನು ತೆಗೆದಿಟ್ಟುಕೊಳ್ಳಿ. ಕಸಾಯಿಖಾನೆಯವರಿಗೆ ನಾನು ಬೇಡ ಅಂತೇನೆ. ಬಾಟ್ಲಿಯೆಲ್ಲ ಸರಸನ ಕೈಲಿ ಮತ್ತೆ ಕುದಿಸಿ, ಹೊಸತಾಗಿ ತೆಗೆದು ನೋಡುವ." ಆಮೇಲೆ ಅವಳ ಕಡೆ ತಿರುಗಿದರು. "ಅಲ್ಲ ಚಂದ್ರಮತಿ, ನನಗೊಂದು ತಲೆಗೆ ಹೋಗುದಿಲ್ಲ. ಉಳಿದ ಬಾಟ್ಲಿಗಳಿಗೆ ಎಂತದೂ ಆಗಲಿಲ್ಲವಲ್ಲ? ಎಲ್ಲವನ್ನೂ ತೊಳೆಯಲಿಲ್ವಾ ನೀವು?"

ಬಂತು! ಬಸ್ಸಿನಲ್ಲಿ ಹೆದರಿದ್ದ ಪ್ರಶ್ನೆ ಬಂದೇ ಬಂತು.

"ಇಲ್ಲ ಸಾರ್."

"ಮತ್ತೆ?"

"ಇವರದ್ದು... ಮಾತ್ರ."

"ಎಂತಕ್ಕೆ?"

ಚಂದ್ರಮತಿ ತಲೆ ತಗ್ಗಿಸಿದಳು. ಬೆರಳಿನಿಂದ ಇನ್ನೂ ರಕ್ತ ಜಿನುಗುತ್ತಿತ್ತು. ಕಣ್ಣಿಂದ ಪಟಪಟನೆ ನೀರು ಉದುರಿತು.

ಶಂಕರನಾರಾಯಣರು ಒಮ್ಮೆ ಅವಳನ್ನು ನೋಡಿದರು. ಒಮ್ಮೆ ಅವನನ್ನು ನೋಡಿದರು. ಕನ್ನಡಕ ಹಾಕಿಕೊಂಡು ಎದ್ದರು.

"ನನಗೆ ಫೋನ್ ಬಂದ ಹಾಗುಂಟು," ಎಂದು ಹೊರಟುಹೋದರು.

ಯಾವ ಫೋನೂ ಬಂದಿರಲಿಲ್ಲ!

ಹರಿಹರ ಹತ್ತಿ ತುಂಡು ತಂದು ಅವಳ ಬೆರಳಿಗೆ ಒತ್ತಿ ಹಿಡಿದ. ಕರುವಿನ ಕುತ್ತಿಗೆಗೆ ಒತ್ತಿದಷ್ಟೇ ಮೆತ್ತಗೆ. ಹಿಡಿದಾಗ ಅವಳ ಬೆರಳ ತುದಿಯ ಸುಲಿದ ಚರ್ಮ ಕಣ್ಣಿಗೆ ಬಿತ್ತು.

"ಇದೇನ್ರೀ ಕೈ? ನನ್ನ ಬಾಟ್ಲಿ ತೊಳೆದೇ ಹೀಗಾಯ್ತಾ?"

ಅವಳು ತಲೆ ಆಡಿಸಿದಳು.

"ಮತ್ತೆ ನಾನು ಹೇಸಿಗೆ ಅಂದೆನಲ್ಲ..." ಅವನು ಹತ್ತಿಯನ್ನು ಇನ್ನೊಮ್ಮೆ ಒತ್ತಿದ. "ಆವಾಗಲೇ ಒಂದು ಏಟು ಹಾಕಬಾರದಿತ್ತೇ ನೀವು?"

"ನಾನೂ ಕಾಯಿಲೆ ಕರು ಅಂದೆನಲ್ಲ."

"ಅಂದ್ರಿ. ತುಂಬಾ ನೋವಾಯ್ತು." ಅವಳ ಬೆರಳು ಬಿಡದೆ ಕೇಳಿದ. "ಸಾರ್ ಕೇಳಿದ್ರಲ್ಲ, ಅದಕ್ಕೆ ಉತ್ತರ ಕೊಡ್ಲೇ ಇಲ್ಲ ನೀವು."

"ನಿಮಗೆ ಗೊತ್ತಿಲ್ವಾ?"

"ಗೊತ್ತು. ಆದ್ರೂ ನಿಮ್ಮ ಬಾಯಲ್ಲಿ ಕೇಳ್ಬೇಕು."

"ನೀವು ಇಷ್ಟ ಡಾಕ್ಟ್ರೇ!" ಅಳುತ್ತಲೇ ಸಿಡಿದಳು. "ಆ ಬೆಲ್ಲ ತಿಂದ ದಿನದಿಂದ! ಇಷ್ಟ ಆಗಿ ಆಗಿ ನಿಮ್ಮ ಕೆಲಸಾನೇ ಕಳೀತಿದ್ದೆ! ಸಾಕಾ?"

"ಸಾಕು ಕಣೇ," ಎಂದ ಅವನು. ಬಹುವಚನ ಎಲ್ಲಿ ಹೋಯಿತೋ ಅವನಿಗೂ ತಿಳಿಯಲಿಲ್ಲ. "ನನಗೆ ನೀನು ಚಪ್ಪಲಿ ಬಿಡಿ ಅಂತ ಕೂಗಿದ ದಿನದಿಂದ."

* * *

ಹೊಸ ಸೀರಮ್ ಜೇನುಬಣ್ಣದಲ್ಲಿ ಬಂತು. ಕೋಶಗಳು ಗಾಜಿನ ಮೇಲೆ ನೆಮ್ಮದಿಯಾಗಿ ಹರಡಿಕೊಂಡವು. ಮಕ್ಕಳ ರಿಪೋರ್ಟುಗಳು ಹೋಗತೊಡಗಿದವು. ಚಂದ್ರಮತಿ ಇನ್ನು ಯಾವ ಬಾಟಲಿಗೂ ನೀರು ಮುಟ್ಟಿಸಕೂಡದೆಂದು ಶಂಕರನಾರಾಯಣರು ಕಟ್ಟಪ್ಪಣೆ ಮಾಡಿದರು. ಕೆಲಸ ಮಾತ್ರ ತೆಗೆಯಲಿಲ್ಲ. "ಪ್ರೀತಿಸಿದವರನ್ನೇ ಫೇಲ್ ಮಾಡುವವರು ನನಗೆ ಬೇರೆ ಎಲ್ಲಿ ಸಿಕ್ತಾರೆ?" ಎಂದರಂತೆ.

ಆದರೆ ಇನ್ನೊಂದು ಪರೀಕ್ಷೆ ಬಾಕಿಯಿತ್ತಲ್ಲ? ತಿರುವಲ್ಲಿಕ್ಕೇಣಿಯ ಗೋದಾಬಾಯಿ!

ಹೆಣ್ಣು ಕೇಳಲು ಬಂದ ಹರಿಹರ ಜಗಲಿಯ ಮೇಲೆ ಚಾಪೆಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಅಪ್ಪ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದರು. ಚಂದ್ರಮತಿ ಒಳಬಾಗಿಲ ಮರೆಯಲ್ಲಿ ಕಿವಿಗೊಟ್ಟು ನಿಂತಿದ್ದಳು.

"ಹರಿಹರ ಅಂತ ಹೆಸರಾ?" ಅಜ್ಜಿ ಕೇಳಿದರು. "ಹರಿ ನಮ್ಮ ಕಡೆ, ಹರ ನಿಮ್ಮ ಕಡೆ. ಸರಿ, ಅದಿರ್ಲಿ. ಸೂಜಿ ಚುಚ್ಚಿದಾಗ ಕರುಗೆ ನೋವಾಗಲ್ವಾಪ್ಪಾ?"

ಇಲ್ಲ ಎಂದುಬಿಡಲಿ ಎಂದು ಚಂದ್ರಮತಿ ಮನಸ್ಸಿನಲ್ಲೇ ಬೇಡಿಕೊಂಡಳು.

"ಆಗತ್ತೆ ಅಜ್ಜೀ," ಎಂದ ಹರಿಹರ. "ನೋವಾಗಲ್ಲ ಅಂದ್ರೆ ಸುಳ್ಳಾಗತ್ತೆ. ಆದಷ್ಟು ಕಮ್ಮಿ ಮಾಡ್ತೀನಿ. ಆಮೇಲೆ ಬೆಲ್ಲ ಕೊಟ್ಟು ತಾಯಿ ಹತ್ರ ಬಿಡ್ತೀನಿ."

ಅಜ್ಜಿ ಅವನ ಕೈಗಳನ್ನೇ ಒಮ್ಮೆ ನೋಡಿದರು. ಆಮೇಲೆ ಒಳಗೆ ತಿರುಗಿ ಕೂಗಿದರು.

"ಚಂದ್ರೀ! ಕಾಫಿ ತಾ. ಬೆಳ್ಳಿ ಲೋಟದಲ್ಲಿ."

ಬೆಳ್ಳಿ ಲೋಟ! ಆ ಮನೆಯಲ್ಲಿ ಬೆಳ್ಳಿ ಲೋಟ ಹೊರಗೆ ಬರುತ್ತಿದ್ದದ್ದು ಅಳಿಯಂದಿರಿಗೆ ಮಾತ್ರ. ಅಪ್ಪ ತಲೆ ಎತ್ತಿ ನಕ್ಕರು. ಚಂದ್ರಮತಿಯ ಕಾಲುಗಳು ನೆಲದ ಮೇಲೆ ನಿಲ್ಲಲಿಲ್ಲ.

ಲೋಟ ತಂದು ಅವನ ಮುಂದೆ ಬಗ್ಗಿದಳು. ಇಬ್ಬರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು.

"ಅಂಟುವಾಳದಲ್ಲಿ ತೊಳೆದದ್ದು."

"ಯಾರು ತೊಳೆದದ್ದು?"

"ನಾನೇ."

"ಹಾಗಾದ್ರೆ ಕೊಡು."

"ಏನಾದ್ರೂ ಆದ್ರೆ?"

ಅವನು ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಒಂದೇ ಗುಟುಕಿಗೆ ಅರ್ಧ ಕುಡಿದ.

"ರಿಪೋರ್ಟು ನೀನೇ ಬರಿ," ಎಂದ.